ಅಕ್ಕಮ್ಮ ಟೀಚರ್ ಕಂಡ ಕಡಲು

ಕಟ್ಟಬೆಟ್ಟಿನ ಬಸ್ ನಿಲ್ದಾಣದಲ್ಲಿ ಅಕ್ಕಮ್ಮ ಟೀಚರ್ ನೆರಳಿನಲ್ಲಿ ನಿಂತದ್ದನ್ನು ಕಂಡವರಿಲ್ಲ. ಮಂಜು ಸರಿದು ಬಿಸಿಲು ಎಲ್ಲಿ ಬಿದ್ದಿದೆಯೋ ಅಲ್ಲಿಗೇ ಹುಡುಕಿಕೊಂಡು ಹೋಗಿ, ತೀರಿಹೋದ ಗಂಡನ ಮಾಸಲು ಕೋಟಿನ ತೋಳು ಮಡಚಿ, ಅಂಗೈಗಳನ್ನು ಆಕಾಶಕ್ಕೆ ಒಡ್ಡಿ ನಿಲ್ಲುವರು; ಕಂಡಕ್ಟರು ಕೂಗಿದರೆ, "ಇರಪ್ಪಾ, ಊಟ ಮುಗಿಸಿ ಬರ್ತೀನಿ" ಎನ್ನುವರು. ಸೂಕ್ಷ್ಮದರ್ಶಕದ ಗಾಜಿನ ಪಟ್ಟಿಗಳು ಆ ಕೋಟಿನ ಜೇಬಿನಲ್ಲಿ ಸದಾ ಕಿಣಿಕಿಣಿ ಎನ್ನುತ್ತಿದ್ದುದರಿಂದ, ಅವರು ತರಗತಿಗೆ ಬರುವುದು ನಮಗೆ ಮೊದಲು ಕೇಳಿಸಿ, ಆಮೇಲೆ ಕಾಣುತ್ತಿತ್ತು.

ಅವರು ನಮಗೆ ವಿಜ್ಞಾನ ಕಲಿಸಿದವರು. ಕಡಲನ್ನೇ ಕಾಣದ ಬೆಟ್ಟದ ಮಕ್ಕಳಾದ ನಮಗೆ, ತಾವೂ ಕಡಲು ಕಾಣದ ಟೀಚರು, ಪ್ಲಾಂಕ್ಟನ್ ಎಂಬ ಕಣ್ಣಿಗೆ ಕಾಣದ ತೇಲುಜೀವಿಗಳ ಊಟದ ಪಾಠ ಮಾಡುವಾಗ ಮೈಮರೆಯುತ್ತಿದ್ದರು. ಅವುಗಳಲ್ಲಿ ಸಸ್ಯಜಾತಿಯವಕ್ಕೆ ಬಾಯಿಲ್ಲ, ಬಿಸಿಲಿನಿಂದ ತಮ್ಮ ಅಡುಗೆ ತಾವೇ ಮಾಡಿಕೊಳ್ಳುತ್ತವೆ. ಆದರೆ ನೀರಿನಲ್ಲಿ ಕರಗಿದ ಮಣ್ಣಿನ ಸಾರವೂ ಬೇಕು, ಅದನ್ನು ಕಡಲಾಳದ ತಣ್ಣೀರು ಮೇಲೆದ್ದು ತರುತ್ತದೆ, ಹೊಳೆಗಳೂ ತರುತ್ತವೆ ಎಂದು ಹೇಳುತ್ತ, ಚಹಾ ತೋಟದಿಂದ ಇಳಿಯುವ ಕೆಂಪು ನೀರನ್ನು ಕಿಟಕಿಯಿಂದ ತೋರಿಸುವರು. "ನೋಡ್ರಪ್ಪಾ, ನಮ್ಮೂರಿನ ಬುತ್ತಿ ಹೊರಟಿತು." ಆ ಸಸ್ಯಗಳನ್ನು ತಿನ್ನುವ, ಸೀಗಡಿಯ ನೆಂಟನಾದ ಇನ್ನೊಂದು ಪುಟ್ಟ ಪ್ರಾಣಿ ಕಾಲುಗಳನ್ನು ಬಡಿದು ನೀರನ್ನೇ ತನ್ನ ಬಾಯಿಯತ್ತ ಸೆಳೆದುಕೊಳ್ಳುತ್ತದೆಂದು ತೋರಿಸಲು ಎರಡೂ ಕೈಗಳನ್ನು ಮುಖದ ಮುಂದೆ ಬೀಸಿದರೆ, ಕೋಟಿನ ಸೀಮೆಸುಣ್ಣದ ಪುಡಿಯೆಲ್ಲ ಎದ್ದು ಅವರಿಗೇ ಸೀನು ಬರುತ್ತಿತ್ತು. ನಾವು ಬಿದ್ದು ಬಿದ್ದು ನಗುತ್ತಿದ್ದೆವು.

ನಿವೃತ್ತಿಯ ನಂತರ ಅವರ ಬಲಗಣ್ಣು ಹೋಯಿತು. ಎಡಗಣ್ಣೂ ಅಂಚುಗಳಿಂದ ಮಬ್ಬಾಗುತ್ತ ಬಂತು. ಹೋದ ನೋಟ ಮರಳುವುದಿಲ್ಲ ಎಂದರು ಡಾಕ್ಟರು. ಅದಕ್ಕೆ ಎದೆಗುಂದದ ಟೀಚರಿಗೆ ಕೊರಗು ಒಂದೇ: ಜೀವಮಾನವೆಲ್ಲ ಯಾರ ಊಟದ ಕಥೆ ಹೇಳಿದರೋ ಆ ತೇಲುಜೀವಿಗಳು ಉಣ್ಣುವುದನ್ನು, ಕಣ್ಣಿರುವಾಗಲೇ ಒಮ್ಮೆ ನೋಡಬೇಕು. ಘಾಟಿಯ ತಿರುವುಗಳು ಅವರ ತಲೆಗೆ ಒಗ್ಗುವುದಿಲ್ಲ, ಆದ್ದರಿಂದ ಕಡಲೇ ಬೆಟ್ಟ ಹತ್ತಬೇಕಾಯಿತು. ಕೋಳಿಕ್ಕೋಡಿಗೆ ತರಕಾರಿ ಲಾರಿ ಓಡಿಸುವ ನನ್ನ ಸಹಪಾಠಿ ಸೆಲ್ವಕುಮಾರ್ ಒಪ್ಪಿಕೊಂಡ. ಟೀಚರು ತಮ್ಮ ಮದುವೆಯ ರೇಷ್ಮೆ ಸೀರೆಯನ್ನು ಕತ್ತರಿಸಿ, ಜೋಳಿಗೆಯಾಗಿ ಹೊಲಿದು, ತುದಿಗೆ ಸೀಸೆ ಕಟ್ಟಿಕೊಟ್ಟರು. ಮೀನಿನ ದೋಣಿಯವರು ಅದನ್ನು ನೀರಿನಲ್ಲಿ ಎಳೆದರೆ ಜೀವಿಗಳೆಲ್ಲ ಸೀಸೆಯಲ್ಲಿ ನಿಲ್ಲುತ್ತವೆ.

ನೀರು ಬಂತು. ಆದರೆ ಸೆಲ್ವಕುಮಾರನ ತಾಯಿ ಲಿಂಗಿ, ನೀರನ್ನು ಕಾಯಿಸದೆ ಯಾರಿಗೂ ಕೊಡದ ಬೆಟ್ಟದ ಹೆಂಗಸು, ಇದು ಟೀಚರ ಕಣ್ಣಿಗೆ ಔಷಧಿಯಿರಬೇಕೆಂದು ತಿಳಿದು, ಮಗ ಮಲಗಿದ್ದಾಗ ಅದನ್ನು ಕುದಿಸಿ, ಬಟ್ಟೆಯಲ್ಲಿ ಸೋಸಿ, ಶುದ್ಧ ಮಾಡಿಯೇ ಕಳಿಸಿದಳು. ಟೀಚರು ಬೆಳಗೆಲ್ಲ ಸೂಕ್ಷ್ಮದರ್ಶಕಕ್ಕೆ ಬಾಗಿ ಕುಳಿತರೂ ಒಂದು ಜೀವಿಯೂ ಕಾಣಲಿಲ್ಲ. ಸಂಗತಿ ತಿಳಿದ ಲಿಂಗಿ ಸೆರಗಿನಲ್ಲಿ ಮುಖ ಮುಚ್ಚಿಕೊಂಡು ಬಂದಾಗ, "ನನ್ನ ಮೇಲಿನ ಅಕ್ಕರೆ ಸ್ವಲ್ಪ ಜಾಸ್ತಿ ಕುದೀತು, ಅಷ್ಟೇ ಕಣವ್ವಾ" ಎಂದು ಅವಳ ಕೈ ಹಿಡಿದುಕೊಂಡರು.

ಮುಂದಿನ ಲೋಡಿಗೆ ಸೆಲ್ವಕುಮಾರ್ ಮತ್ತೆ ತಂದ. ಮನೆಗೂ ಹೋಗದೆ ಲಾರಿಯನ್ನು ನೇರ ಟೀಚರ ಬಾಗಿಲಿಗೆ ನಿಲ್ಲಿಸಿದ. "ಮುಚ್ಚಳ ಸಡಿಲ ಮಾಡಿ, ಕಿಟಕಿ ಪಕ್ಕ ಬೆಳಕಿಗೆ ಇಟ್ಕೊಂಡು ಬಂದೆ ಟೀಚರ್. ದಾರೀಲಿ ಅವಕ್ಕೂ ಹಸಿವಾಗ್ತದಲ್ಲ." ವಿಜ್ಞಾನದಲ್ಲಿ ಎಂದೂ ಪಾಸಾಗದ ಹುಡುಗ ಆಡಿದ ಈ ಮಾತಿಗೆ ಟೀಚರು ಕನ್ನಡಕ ಒರೆಸಿಕೊಂಡರು.

ಆಮೇಲೆ ಎಡಗಣ್ಣನ್ನು ಮಸೂರಕ್ಕೆ ಒತ್ತಿದರು. ಮೇಜಿನ ಮೇಲಿದ್ದ ಅವರ ಬಲಗೈ ತಾನಾಗಿಯೇ, ನಮ್ಮ ತರಗತಿಯಲ್ಲಿ ಬೀಸುತ್ತಿದ್ದ ಹಾಗೆ, ಮೆಲ್ಲಗೆ ಬೀಸತೊಡಗಿದಾಗ, ಅವು ಉಣ್ಣುವುದು ಕಂಡಿತೆಂದು ನಮಗೆ ತಿಳಿಯಿತು. ಬಾಗಿಲಿಗೆ ಬಂದ ನೆಂಟರನ್ನು ವಿಚಾರಿಸುವ ದನಿಯಲ್ಲಿ ಅವರು ಕೇಳಿದರು: "ಬಂದಿರಾ? ಊಟ ಆಯ್ತಾ?" ಕಣ್ಣೆತ್ತಿದವರು ಮೊದಲು ಲಿಂಗಿಯನ್ನೇ ಮನೆಯಿಂದ ಕರೆಸಿ ತೋರಿಸಿದರು.

ಈಗ ಅವರ ಎಡಗಣ್ಣಿಗೆ ಬಿಸಿಲು ಮಾತ್ರ ತಿಳಿಯುತ್ತದೆ. ಅದರಲ್ಲೇ ಅಂಗೈ ಒಡ್ಡಿ ನಿಲ್ಲುತ್ತಾರೆ. ಇಂಥವರು ಕಾಣದ ಕಡಲಿನ ಹಸಿವನ್ನೂ ವಿಚಾರಿಸುವ ಜನ, ತಮ್ಮ ಸಾರವನ್ನು ಯಾವ ಹೊಳೆ ಎಲ್ಲಿಗೆ ಒಯ್ದಿತೆಂದು ಲೆಕ್ಕವಿಡದ ಜನ. ಅವರ ತಟ್ಟೆಯಲ್ಲಿ ಉಂಡೆದ್ದ ನಾವೇ ಹೇಳಬೇಕು: ಆಯ್ತು ಟೀಚರ್, ಹೊಟ್ಟೆ ತುಂಬ ಆಯ್ತು.