ಭಾವ ಹಿಡಿದ ಏಣಿ

ಕಾರ್ಖಾನೆಗೆ ಬಣ್ಣ ಬಳಿಯುವ ಕೆಲಸ ಪೇಂಟರ್‌ಗೆ ಸಿಗಬೇಕಾದರೆ ಮೊದಲು ರಕ್ತ ಪರೀಕ್ಷೆ ಮಾಡಿಸಬೇಕಿತ್ತು. ರಿಪೋರ್ಟು ಬಂತು. ಅದರಲ್ಲಿದ್ದ ಉಳಿದ ಅಂಕಿಗಳು ಅಕ್ಕನಿಗೆ ಬೇಕಿರಲಿಲ್ಲ. ಮಿತಿ ಮೀರಿದೆಯೆಂದು ದಪ್ಪಗೆ ಅಚ್ಚಾಗಿದ್ದ ಒಂದೇ ಸಾಕಾಯಿತು.

"ಎಎಲ್‌ಪಿ ಏರಿದ್ರೆ ಲಿವರ್ ಕೆಟ್ಟಿದೆ ಅಂತ. ಕೌಂಟರಿನವಳನ್ನ ಕೇಳ್ಕೊಂಡೇ ಬಂದೆ. ಮತ್ತೆ ಶುರು ಹಚ್ಕೊಂಡ್ಯಾ?"

ಪೇಂಟರ್ ಎಡಗೈಯನ್ನು ಪಕ್ಕೆಗೊತ್ತಿಕೊಂಡು ಕ್ಲಿನಿಕ್ಕಿನ ಬೆಂಚಿನ ಮೇಲೆ ಕೂತಿದ್ದ. ಕುಡಿತ ಬಿಟ್ಟ ಮೇಲೆಯೇ ಅಕ್ಕ ಈ ತಮ್ಮನನ್ನು ಮನೆಯೊಳಗೆ ಬಿಟ್ಟುಕೊಂಡದ್ದು. ಇನ್ನೊಮ್ಮೆ ಬಾಟಲಿ ಮುಟ್ಟಿದರೆ ನಿನ್ನ ಹಾಸಿಗೆ ಬೀದಿಯಲ್ಲಿ ಎಂದು ಆವತ್ತೇ ಹೇಳಿದ್ದಳು. ಆಡಿದ್ದನ್ನು ಮಾಡುವ ಹೆಂಗಸು.

"ತೊಟ್ಟೂ ಮುಟ್ಟಿಲ್ಲಕ್ಕ."

"ನಾಯಿ ಬಾಲ ಕಣೇ," ಎಂದ ಭಾವ, ಫೋನಿನಿಂದ ತಲೆಯೆತ್ತದೆ. "ನಳಿಗೇಲಿಟ್ರೂ ಡೊಂಕೇ."

ಪೇಂಟರ್ ಅವನನ್ನೇ ನೋಡಿದ. ಹೋದ ತಿಂಗಳು ಮಹಡಿಯ ಕಿಟಕಿಗೆ ಬಣ್ಣ ಬಳಿಯುವಾಗ ಕೆಳಗೆ ಏಣಿ ಹಿಡಿದಿದ್ದವನು ಇದೇ ಭಾವ. ಇದೇ ಫೋನು ಗುಂಯ್‌ಗುಟ್ಟಿದ್ದೇ ತಡ, ಕೈ ಬಿಟ್ಟಿದ್ದ. ಏಣಿ ಜಾರಿತು. ಪೇಂಟರ್ ಡಬ್ಬದ ಮೇಲೆ ಬಿದ್ದ, ಪಕ್ಕೆಲುಬು ಲಟಕ್ಕೆಂದಿತು. "ನಿಮ್ಮಕ್ಕನ ಕಿವಿಗೆ ಬಿದ್ರೆ ನನ್ನ ಜನ್ಮ ಜಾಲಾಡ್ತಾಳೆ. ಹೊಟ್ಟೆಗೆ ಹಾಕ್ಕೊಳೋ," ಎಂದು ಭಾವ ಅಂಗಲಾಚಿದ್ದ. ಇವನು ಹಾಕಿಕೊಂಡಿದ್ದ. ಕೆಮ್ಮು ಬಂದರೆ ಬಚ್ಚಲಿಗೆ ಹೋಗಿ, ಟವೆಲು ಕಚ್ಚಿ ಕೆಮ್ಮುತ್ತಿದ್ದ.

ಡಾಕ್ಟರಮ್ಮ ಮೂವರನ್ನೂ ಒಳಗೆ ಕರೆದಳು. ಅನುಮಾನ ಬಂದು ಅದೇ ರಕ್ತಕ್ಕೆ ಇನ್ನೊಂದು ಪರೀಕ್ಷೆ ಮಾಡಿಸಿದ್ದಳು.

"ಈ ಎಎಲ್‌ಪಿ ಅನ್ನೋ ಕಿಣ್ವ ಲಿವರಿಂದ್ಲೂ ಬರುತ್ತೆ, ಮೂಳೆಯಿಂದ್ಲೂ ಬರುತ್ತೆ. ಲಿವರಿಂದ ಆಗಿದ್ರೆ ಲಿವರಿನ ಇನ್ನೊಂದು ಕಿಣ್ವಾನೂ ಏರ್ಬೇಕಿತ್ತು, ಅದು ಸರಿಯಾಗೇ ಇದೆ. ಎಲ್ಲಾದ್ರೂ ಮೂಳೆ ಮುರಿದು ಕೂಡ್ಕೊಳ್ತಾ ಇದ್ಯೇನಪ್ಪಾ?"

ಭಾವನ ಹೆಬ್ಬೆರಳು ಫೋನಿನ ಮೇಲೆಯೇ ನಿಂತಿತು. ಪೇಂಟರನತ್ತ ನೋಡಿ ತಲೆಯನ್ನು ಕೂದಲೆಳೆಯಷ್ಟು ಆಡಿಸಿದ. ಬೇಡ.

ಪೇಂಟರ್ ಅಂಗಿ ಎತ್ತಿದ.

"ಏಣಿಯಿಂದ ಬಿದ್ದೆ ಡಾಕ್ಟ್ರೇ. ಹಿಡ್ಕೊಂಡಿದ್ದವ್ರು ಇಲ್ಲೇ ಇದ್ದಾರೆ. ಎಷ್ಟು ಎತ್ತರ ಅಂತ ಅವ್ರನ್ನೇ ಕೇಳಿ."

ಅಕ್ಕ ಕೂಗಾಡಲಿಲ್ಲ. ಬಾತಿದ್ದ ಜಾಗವನ್ನು ಬೆರಳ ತುದಿಯಿಂದ ಮುಟ್ಟಿದಳು. ತಮ್ಮ ಹಲ್ಲು ಕಚ್ಚಿದ. ಅವಳು ಗಂಡನ ಕಡೆ ತಿರುಗಿದಳು.

"ಗೊತ್ತಿದ್ದೂ ನಾಯಿ ಬಾಲ ಅಂದ್ರಾ?"

"ಫೋನ್ ಬಂತು ಕಣೇ... ಒಂದು ಗಳಿಗೆ..."

ಅವನ ಕೈಯಲ್ಲಿದ್ದದ್ದು ಆಗಲೇ ಮತ್ತೆ ಗುಂಯ್‌ಗುಟ್ಟಿತು.

"ಎತ್ರೀ," ಎಂದಳು ಅಕ್ಕ. "ಈಗ ಯಾರೂ ಏಣಿ ಮೇಲಿಲ್ಲ."

ಭಾವ ಎತ್ತಲಿಲ್ಲ. ಫೋನು ಗುಂಯ್‌ಗುಟ್ಟಿ ಗುಂಯ್‌ಗುಟ್ಟಿ ತಾನೇ ಸುಮ್ಮನಾಯಿತು.