ಹಲ್ಲಿಲ್ಲದ ನೋಟೀಸು

ದೇವರ ಮುಂದೆ ಕೂರುವವರು ಸಿಟ್ಟನ್ನು ಚಪ್ಪಲಿಯ ಜೊತೆ ಹೊಸ್ತಿಲಾಚೆ ಬಿಟ್ಟು ಬರಬೇಕು ಎನ್ನುತ್ತಾರೆ. ಸುಮಿತ್ರಾಬಾಯಿಗೆ ಆ ಬೆಳಗ್ಗೆ ಅದು ಆಗಲಿಲ್ಲ. ಅಂಗೈಯಲ್ಲಿ ಇಷ್ಟಲಿಂಗವಿತ್ತು, ಕಣ್ಣು ಮುಚ್ಚಿದ್ದವು. ಮುಚ್ಚಿದ ಕಣ್ಣೊಳಗೆ ಮಾತ್ರ ಇಟ್ಟಂಗಿಗಳೇ ಕಾಣುತ್ತಿದ್ದವು. ನಾಲಾಕ್ಕೆ ಅಡ್ಡವಾಗಿ ಏಳುತ್ತಿದ್ದ ಗೋಡೆಯ ಇಟ್ಟಂಗಿಗಳು.

ಆಕೆ ಆ ಸಣ್ಣ ಊರಿನ ಪುರಸಭೆಯ ಅಧ್ಯಕ್ಷೆ. ಊರ ಅಂಚಿನ ಸರಕಾರಿ ಜಾಗದಲ್ಲಿ ಅಧಿಕಾರಿಗಳು ಇಳಿದುಕೊಳ್ಳಲಿಕ್ಕೆಂದು ಒಂದು ಇಲಾಖೆಯವರು ವಿಶ್ರಾಂತಿಗೃಹ ಕಟ್ಟುತ್ತಿದ್ದರು. ಕಟ್ಟಿಕೊಳ್ಳಲಿ, ಯಾರಿಗೇನು ತ್ರಾಸು? ಆದರೆ ಅದರ ಕಂಪೌಂಡು ಗೋಡೆ, ಊರ ಮಳೆನೀರೆಲ್ಲ ಹರಿದುಹೋಗುವ ನಾಲಾವನ್ನೇ ಮುಚ್ಚಿಕೊಂಡು ಮೇಲೇಳುತ್ತಿತ್ತು. ಹೂಳು ತುಂಬಿ ನಾಲಾ ಅರ್ಧ ಹೂತಿದ್ದಕ್ಕೇ ಹೋದ ಮಳೆಗಾಲದಲ್ಲಿ ಕೆಳಗಿನ ಓಣಿಗೆ ನೀರು ನುಗ್ಗಿತ್ತು. ತುಳಜಾಬಾಯಿಯ ಸೊಸೆ ಭಾಗ್ಯಾ ಆಗ ಹಸಿ ಬಾಣಂತಿ. ಆಕೆಯನ್ನೂ ಕೂಸನ್ನೂ ಹೊರಸಿನ ಸಮೇತ ಎತ್ತಿ ಮಾಳಿಗೆಗೆ ಏರಿಸಿದ್ದರು. ನಾಲಾ ಪೂರ್ತಿ ಮುಚ್ಚಿದರೆ ಈ ಸಲ ಆ ಓಣಿಯ ಮಣ್ಣಿನ ಗೋಡೆಗಳು ನಿಲ್ಲುವಂತಿರಲಿಲ್ಲ. ಮುಂಗಾರಿನ ಮಿರಗದ ಮಳೆ ಬಾಗಿಲಿಗೆ ಬಂದಿತ್ತು.

ಕೆಲಸ ನಿಲ್ಲಿಸಿರೆಂದು ಪುರಸಭೆ ಅಲ್ಲಿ ನೋಟೀಸು ಅಂಟಿಸಿತ್ತು. ಯಾರೋ ಅದಕ್ಕೆ ಸಿಮೆಂಟಿನ ಕೈ ಒರೆಸಿದ್ದರು.

"ಪೂಜಿ ಮುಗೀತೇನ್ರೀ ಅಧ್ಯಕ್ಷರ?" ಬಾಗಿಲಲ್ಲಿ ತುಳಜಾಬಾಯಿಯ ದನಿ. ಹಿರೋಳ್ಳಿಯಿಂದ ಸೊಸೆಯಾಗಿ ಬಂದು ಇದೇ ಊರಲ್ಲಿ ಮುದುಕಿಯಾದವಳು. ಆಕೆಯ ನಾಲಿಗೆಗೆ ಮಾತ್ರ ವಯಸ್ಸಾಗಿರಲಿಲ್ಲ. "ಗ್ವಾಡಿ ಎದಿಮಟ ಬಂತು. ನಿನ್ನ ಕಾಗದ ನೋಡಿ ನಿಲ್ತದಂತ ತಿಳಕೊಂಡಿದ್ಯೇನು?"

"ಬರೀ ಒದರಬ್ಯಾಡ ಆಯಿ. ನೋಟೀಸು ಕೊಟ್ಟೇವಿ."

"ನಾ ಹಿತ್ತಲದಾಗ ಬಚ್ಚಲಕ್ಕಂತ ನಾಕು ಕಲ್ಲು ಇಟ್ಟಾಗ ಆ ನೋಟೀಸಿಗಿ ಹಲ್ಲು ಇದ್ವು. ಮಧ್ಯಾಹ್ನ ಬಂತು, ಸಂಜೀಗಿ ಕಲ್ಲು ಕಿತ್ತಿಸಿದ್ರಿ. ಈಗೇನು ಎಲ್ಲಾ ಹಲ್ಲು ಉದುರ್ಯಾವೇನು?"

ಆ ನೋಟೀಸು ಹೊರಟಾಗ ಅಧ್ಯಕ್ಷೆಯ ಕುರ್ಚಿಯಲ್ಲಿ ಇದ್ದವಳು ಸುಮಿತ್ರಾಬಾಯಿಯೇ. ಲಿಂಗವನ್ನು ಕರಡಿಗೆಯಲ್ಲಿಟ್ಟು ಎದ್ದಳು. ನಾಲಾದ ಕಡೆ ನಡೆಯುತ್ತ ದಾರಿಯಲ್ಲೇ ಪುರಸಭೆಯ ಮುಖ್ಯಾಧಿಕಾರಿ ಬಸವಂತರಾಯರಿಗೆ ಫೋನು ಹಚ್ಚಿದಳು.

"ಸರಕಾರಿ ಜಾಗದಾಗ ಸರಕಾರದ್ದೇ ಕೆಲಸ ನಿಲ್ಲಿಸೋ ಅಧಿಕಾರ ನಮಗ ಅದನೋ ಇಲ್ಲೋ ಅಂತ ಮ್ಯಾಲಿನವರಿಗಿ ಬರದೇನಿ ಮೇಡಂ," ಎಂದರು ಅವರು. "ಅಭಿಪ್ರಾಯ ಬರ್ಲಿ, ನೋಡೋಣ."

"ಮಳಿಗೂ ಒಂದು ಬರದ್‌ಬಿಡ್ರಿ ಬಸವಂತರಾಯರ. ಅಭಿಪ್ರಾಯ ಬರೂತನಕ ಮ್ಯಾಲೇ ನಿಂದ್ರು ಅಂತ."

ಇಲಾಖೆಯ ಎಂಜಿನಿಯರ್ ಮಹೇಶಕುಮಾರ ಬೇವಿನ ನೆರಳಲ್ಲಿ ಕುರ್ಚಿ ಹಾಕಿಕೊಂಡು ಚಹಾ ಕುಡಿಯುತ್ತಿದ್ದ. ಆಕೆಯನ್ನು ಕಂಡು ಎದ್ದು ನಿಂತ, ಇನ್ನೊಂದು ಕುರ್ಚಿ ತರಿಸಿದ. ಮರ್ಯಾದೆಗೆ ಏನೂ ಕಡಿಮೆ ಮಾಡಲಿಲ್ಲ.

"ಮೇಡಂ, ಪುರಸಭೆ ನೋಟೀಸು ಮಂದಿಗಿ ಕೊಡ್ತದ, ಸರಕಾರಕ್ಕಲ್ಲ. ಜಾಗ ಸರಕಾರದ್ದು, ರೊಕ್ಕ ಸರಕಾರದ್ದು. ಮಾಲಕನಿಗೇ ನೀ ಕಟ್ಟಬ್ಯಾಡ ಅಂದ್ರ ಹ್ಯಾಂಗ್ರಿ?"

"ನೀರಿಗಿ ಗೊತ್ತೇನ್ರಿ ಯಾವುದು ಸರಕಾರದ್ದು, ಯಾವುದು ಪುರಸಭೇದು ಅಂತ?"

"ಅಲ್ರಿ, ಗುದ್ದಲಿಪೂಜಿ ಮಾಡಿದವರು ನೀವೇ. ಫೋಟೋ ಅದ, ಬ್ಯಾನರ್ ಅದ. ಅವತ್ತ ನಕ್ಕೊಂತ ಗುದ್ದಲಿ ಹಾಕಿದವರು ಇವತ್ತ ಕಣ್ಣು ಕೆಂಪ ಮಾಡಿದ್ರ ಮಂದಿ ಏನಂದಾರು?"

ಅದೂ ಸುಳ್ಳಲ್ಲ. ಹೆಣ್ಣುಮಗಳು ಅಧ್ಯಕ್ಷೆಯಾದರೆ ಎಲ್ಲ ಪೂಜೆಗೂ ಕರೆಯುತ್ತಾರೆ, ನಕ್ಷೆಯನ್ನು ಮಾತ್ರ ಯಾರೂ ಬಿಚ್ಚಿ ತೋರಿಸುವುದಿಲ್ಲ. ತೋರಿಸಿರೆಂದು ತಾನೂ ಕೇಳಿರಲಿಲ್ಲ. ಸುಮಿತ್ರಾಬಾಯಿಯ ಸಿಟ್ಟು ಅರೆಗಳಿಗೆ ತನ್ನ ಕಡೆಗೇ ತಿರುಗಿತು. ತಿರುಗಿದ್ದು ಇನ್ನಷ್ಟು ಬಿಸಿಯಾಗಿ ಅವನ ಕಡೆಗೇ ಮರಳಿತು.

"ನಾ ಗುದ್ದಲಿ ಹಾಕಿದ್ದು ನಿಮ್ಮ ವಿಶ್ರಾಂತಿ ಮನಿಗ್ರಿ. ನಾಲಾದ ಕುತ್ತಿಗಿಗಿ ಅಲ್ಲ."

ಬೆನ್ನಹಿಂದೆಯೇ ಬಂದು ನಿಂತಿದ್ದ ತುಳಜಾಬಾಯಿ ಆಕೆಯ ರಟ್ಟೆ ಹಿಡಿದಳು. "ಇವನ ಕೂಡ ಏನು ಮಾತು? ಆಣಿ ಹಾಕಬೇ. ಗೆರಿ ಎಳಿ."

ಆ ಸೀಮೆಯಲ್ಲಿ ಅದೊಂದು ಹಳೆಯ ರೂಢಿ. ತಕರಾರಿನ ಜಾಗದಲ್ಲಿ ದೇವರ ಹೆಸರು ಹೇಳಿ ವಿಭೂತಿಯ ಗೆರೆ ಎಳೆದರೆ ಮುಗಿಯಿತು. ಹಿರಿಯರು ಕೂತು ಬಗೆಹರಿಸುವತನಕ ಆ ಗೆರೆ ದಾಟಿ ಯಾರೂ ಕೆಲಸಕ್ಕೆ ಕೈ ಹಚ್ಚುವುದಿಲ್ಲ. ಆಣೆ ಎಂಬ ಮಾತು ಬಿದ್ದದ್ದೇ ಗೋಡೆಯ ಮೇಲಿದ್ದ ಮಿಸ್ತ್ರಿ ಖಾದರಸಾಬ ಕರಣಿ ಕೆಳಗಿಟ್ಟ. ಗಾರೆ ಹೊರುತ್ತಿದ್ದ ಹೆಂಗಸರು ಬುಟ್ಟಿ ಇಳಿಸಿದರು. ಪುರಸಭೆಯ ಮೊಹರಿಗೆ ಬಗ್ಗದ ಕೆಲಸ, ಇನ್ನೂ ಎಳೆಯದ ಗೆರೆಗೆ ನಿಂತುಹೋಯಿತು.

ಸುಮಿತ್ರಾಬಾಯಿ ಸೆರಗಿನ ಗಂಟಿನಿಂದ ವಿಭೂತಿ ತೆಗೆದಳು. ಭಕ್ತಿಯಿಂದ ವಿಭೂತಿ ಹಿಡಿಯುವ ಕೈಯನ್ನು ಆಕೆ ಬಲ್ಲಳು. ಇದು ಆ ಕೈಯಲ್ಲ, ಸಿಟ್ಟಿನ ಕೈ.

"ಅಕ್ಕೋರ," ಎಂದ ಖಾದರಸಾಬ, ಗೋಡೆಯಿಂದ ಇಳಿದು ಬಂದು. "ನೀವು ಗೆರಿ ಎಳದ್ರ ನಾವು ದಾಟಂಗಿಲ್ಲ. ನಿಮ್ಮ ದೇವರಿಗೂ ಅಂಜತೇವಿ, ನಮ್ಮ ದರ್ಗಾಕ್ಕೂ ಅಂಜತೇವಿ. ಖರೆ, ಸಾಹೇಬರು ಯಾರಿಗೂ ಅಂಜಂಗಿಲ್ಲ. ನಾಳಿಗಿ ಬ್ಯಾರೆ ಊರಿನ ಮಂದಿ ತಂದು ಕಟ್ಟಸ್ತಾರ. ಗ್ವಾಡಿ ಏಳೂದು ಏಳತದ, ನಮ್ಮ ಒಲಿ ಆರೂದು ಆರ್ತದ."

ಮಹೇಶಕುಮಾರ ಚಹಾದ ಕಪ್ಪು ಹಿಡಿದು ಸುಮ್ಮನೆ ನಗುತ್ತಿದ್ದ.

ಆ ನಗು ನೋಡಿ ಸುಮಿತ್ರಾಬಾಯಿಗೆ ಎಲ್ಲ ನಿಚ್ಚಳವಾಯಿತು. ನೋಟೀಸು ನಿಲ್ಲಿಸಿದ್ದು ಒಬ್ಬ ಮುದುಕಿಯ ಬಚ್ಚಲನ್ನು. ಆಣೆ ನಿಲ್ಲಿಸುವುದು ಕೂಲಿಯವರ ಕೈಯನ್ನು. ಅಂಜುವವರನ್ನು ಹೆದರಿಸಲಿಕ್ಕೆ ದೇವರನ್ನು ಕರೆದರೆ, ಅವನೂ ಪುರಸಭೆಯ ಜವಾನನಾಗಿಬಿಡುತ್ತಾನೆ. ಆಕೆ ವಿಭೂತಿಯನ್ನು ಹಣೆಗೆ ಹಚ್ಚಿಕೊಂಡು, ಉಳಿದದ್ದನ್ನು ಗಂಟಿಗೆ ಹಾಕಿದಳು.

"ಅಂಜಿದೇನ ಬೇ?" ಎಂದಳು ತುಳಜಾಬಾಯಿ.

"ತಡಿ ಆಯಿ." ಆಕೆ ಎಂಜಿನಿಯರನ ಕಡೆ ತಿರುಗಿದಳು. "ಜಾಗ ನಿಮ್ಮದು, ಒಪ್ಪಿದೆ. ನಾಲಾ ಯಾರದ್ರಿ? ಹೂಳು ತೆಗಿಯೋರು ಯಾರು?"

"ಅದು… ಪುರಸಭೇದು."

"ಆತು."

ಗುರುಲಿಂಗ ಪುರಸಭೆಯ ಜೆಸಿಬಿ ಓಡಿಸುವವನು. ಮಳೆಗೆ ಮುಂಚಿನ ಹೂಳೆತ್ತುವ ಕೆಲಸದಲ್ಲಿ ಸಂತೆ ಬಯಲ ಹತ್ತಿರವೇ ಇದ್ದ. ಫೋನು ಹೋದ ಸ್ವಲ್ಪ ಹೊತ್ತಿಗೆ ಧೂಳೆಬ್ಬಿಸಿಕೊಂಡು ಬಂದ. ಸುಮಿತ್ರಾಬಾಯಿ ನಾಲಾದೊಳಗೆ ತಾನೇ ಇಳಿದು, ಗೋಡೆಯ ಬುಡಕ್ಕೆ ಬೆರಳು ಮಾಡಿ ತೋರಿಸಿದಳು. ಆಮೇಲೆ ಮೇಲೆ ಬಂದು ಖಾದರಸಾಬನಿಗೆ ಹೇಳಿದಳು: "ಕಾಕಾ, ನಿಮ್ಮ ಮಂದೀನ ಆಕಡಿ ಕರಕೊಂಡು ಹೋಗ್ರಿ. ವಿಶ್ರಾಂತಿಗೃಹದ ಕೆಲಸ ಮಾಡ್ರಿ, ನಾ ಬ್ಯಾಡ ಅನ್ನಂಗಿಲ್ಲ."

ಮಹೇಶಕುಮಾರನ ನಗು ಇಳಿದಿತ್ತು. "ಮೇಡಂ, ಗ್ವಾಡಿ ಬೀಳತದ. ಇದು ಸರಕಾರಿ ಆಸ್ತಿ. ನಿಮ್ಮ ಮ್ಯಾಲ ಕೇಸ್ ಆಗ್ತದ, ಕುರ್ಚಿ ಹೋಗ್ತದ."

"ನಾ ನಿಮ್ಮ ಕೆಲಸ ನಿಲ್ಲಿಸಾಕತ್ತಿಲ್ರಿ. ನನ್ನ ಕೆಲಸ ಮಾಡಾಕತ್ತೇನಿ."

ಯಂತ್ರದ ಹಲ್ಲು ಹೂಳಿಗೆ ಬಿತ್ತು. ಕಪ್ಪು ಕೆಸರು, ಪ್ಲಾಸ್ಟಿಕ್ಕು, ಇಲಾಖೆಯವರೇ ತುಂಬಿದ್ದ ಕಲ್ಲುಪುಡಿ ಎದ್ದು ಬಂದವು. ಅಡಿಪಾಯದ ಕೆಳಗಿನ ಮಣ್ಣು ಜಾರಿತು. ಗೋಡೆ ಒಮ್ಮೆ ಬಿರುಕು ಬಿಟ್ಟು, ಯೋಚಿಸುವವರ ಹಾಗೆ ನಿಂತು, ನಾಲಾದ ಅಗಲದಷ್ಟು ಕುಸಿದು ಕೂತಿತು. ಎಂಜಿನಿಯರ್ ಫೋನಿನಲ್ಲಿ ಪೊಲೀಸರನ್ನು ಕರೆಯುತ್ತಿದ್ದ.

"ಯವ್ವಾ," ಎಂದಳು ತುಳಜಾಬಾಯಿ ಮೆಲ್ಲಗೆ. ಬಂದಾಗಿನಿಂದ ಆಕೆಯ ದನಿ ಇಳಿದದ್ದು ಅದೇ ಮೊದಲು. "ಖರೇನೇ ಒಯ್ತಾರೇನು ನಿನ್ನ?"

"ಒಯ್ಯಲಿ ಆಯಿ. ನೀರು ಹೋಗಾಕ ದಾರಿ ಆತು."

ಗುರುಲಿಂಗ ಯಂತ್ರ ನಿಲ್ಲಿಸಿ ಕತ್ತು ಹೊರಹಾಕಿದ. "ಇಷ್ಟ ಸಾಕೇನ್ರಿ ಅಕ್ಕೋರ? ಸಾಹೇಬರು ನನ್ನ ಹೆಸರು ಕೇಳಾಕತ್ಯಾರ."

"ನನ್ನ ಹೆಸರು ಹೇಳು," ಎಂದಳು ಸುಮಿತ್ರಾಬಾಯಿ. "ತಳ ಕಾಣೂತನಕ ಅಗಿ."