ಇಂಗ್ಲಿಷಿನಿಂದ ಇಂಗ್ಲಿಷಿಗೆ

ರಟ್ಟಿನ ಪೆಟ್ಟಿಗೆ ಮಾಡುವ ಆ ಕಾರ್ಖಾನೆಯಲ್ಲಿ ಎಲ್ಲರೂ ಅವಳನ್ನು ಸ್ಟೋರಮ್ಮ ಅಂತಲೇ ಕರೆಯುತ್ತಿದ್ದರು. ಹತ್ತೊಂಬತ್ತು ವರ್ಷದಿಂದ ಉಗ್ರಾಣ ಅವಳದು. ಯಾವ ಬೇರಿಂಗು ಯಾವ ಕಪಾಟಿನ ಯಾವ ಡಬ್ಬಿಯಲ್ಲಿದೆ ಎಂದು ಕಣ್ಣು ಮುಚ್ಚಿಕೊಂಡು ಹೇಳುತ್ತಿದ್ದಳು. ಬಿಡಿಭಾಗ ಬೇಕಾದಾಗ ಹೊರದೇಶದ ಕಂಪನಿಗಳಿಗೆ ಫೋನು ಮಾಡುವವಳೂ ಅವಳೇ. ಅವಳದು ಬರೆದದ್ದನ್ನು ಬರೆದ ಹಾಗೇ ಓದುವ ಇಂಗ್ಲಿಷು. ಬುಧವಾರಕ್ಕೆ ‘ವೆಡ್ನೆಸ್‌ಡೇ’ ಅನ್ನುತ್ತಿದ್ದಳು. ಕಾಗದದ ಮೇಲೆ ‘ಡಿ’ ಕಣ್ಣಿಗೆ ಹೊಡೆಯುವ ಹಾಗೆ ಕೂತಿರುವಾಗ ಅದನ್ನು ನುಂಗಲು ತಾನ್ಯಾರು ಎಂಬುದು ಅವಳ ವಾದ.

ಯಜಮಾನರ ಅಳಿಯ ಮ್ಯಾನೇಜರಾಗಿ ಬಂದ ಮೇಲೆ ಈ ವಾದ ನಡೆಯಲಿಲ್ಲ. ಅಳಿಯಂದಿರು ಹೊರಗೆ ಹತ್ತು ತಿಂಗಳು ಓದಿ ಬಂದವರು. ಓದಿದ್ದೇನು ಎಂದು ಯಾರಿಗೂ ಸರಿಯಾಗಿ ತಿಳಿಯದು. ಮೂಗಿನಲ್ಲಿ ಮಾತಾಡುವುದನ್ನು ಕಲಿತಿದ್ದಾರೆ ಎಂಬುದು ಮಾತ್ರ ಮೊದಲ ದಿನವೇ ಕಾವಲುಗಾರನಿಗೂ ಗೊತ್ತಾಯಿತು. ಅವರ ಬಾಯಲ್ಲಿ ‘ವಾಟರ್’ ‘ವಾಡರ್’ ಆಗಿತ್ತು.

“ನಿಮ್ಮ ಆಕ್ಸೆಂಟು ಕಂಪನಿ ಮರ್ಯಾದೆ ತೆಗೀತಿದೆ. ಇನ್ಮೇಲೆ ಹೊರದೇಶದ ಫೋನೆಲ್ಲ ನಾನೇ ಮಾತಾಡ್ತೀನಿ.”

“ಇಷ್ಟು ವರ್ಷದಲ್ಲಿ ಒಂದು ನಟ್ಟೂ ತಪ್ಪಾಗಿ ಬಂದಿಲ್ಲ ಸಾರ್.”

“ನಟ್ಟು ಮುಖ್ಯ ಅಲ್ಲ. ಇಂಪ್ರೆಷನ್ ಮುಖ್ಯ.”

ಆ ವಾರವೇ ಅವಳ ಮೇಜಿನ ಫೋನು ಎತ್ತಂಗಡಿಯಾಯಿತು. ಮುಂದಿನ ತಿಂಗಳು ಹದಿಮೂರು ಬೇರಿಂಗು ಕೇಳಿದ್ದಕ್ಕೆ ಮೂವತ್ತು ಬಂದು ಬಿದ್ದವು. “ಬೇಕಾಗತ್ತೆ, ಇಟ್ಕೊಳ್ಳಿ” ಎಂದರು ಅಳಿಯಂದಿರು. ಸ್ಟೋರಮ್ಮ ಇಟ್ಟುಕೊಂಡಳು. ಹೊಟ್ಟೆ ಉರಿದದ್ದನ್ನು ಮಾತ್ರ ಇಡಲು ಯಾವ ಕಪಾಟಿನಲ್ಲೂ ಜಾಗವಿರಲಿಲ್ಲ.

ಅಷ್ಟರಲ್ಲಿ ಹೊಸ ಯಂತ್ರ ಬಂತು. ಜೋಡಿಸಿಕೊಡಲು ಇಬ್ಬರು ಇಂಜಿನಿಯರುಗಳೂ ಬಂದರು. ರೋಲರು ಕೂರಿಸುವವನು ಸ್ಕಾಟ್ಲೆಂಡಿನವನು. ಕೆಲಸಗಾರರು ಅವನಿಗೆ ಉದ್ದಣ್ಣ ಎಂದು ಹೆಸರಿಟ್ಟರು. ವಿದ್ಯುತ್ ಪ್ಯಾನೆಲ್ಲಿನವನು ಅಮೆರಿಕದ ದಕ್ಷಿಣದ ಕಡೆಯವನು, ದಪ್ಪಣ್ಣ. ಉದ್ದಣ್ಣ ಬಾಯಿ ತೆರೆದರೆ ತಗಡಿನ ಡಬ್ಬಿಗೆ ಜಲ್ಲಿ ಸುರಿದ ಹಾಗೆ. ದಪ್ಪಣ್ಣನ ಮಾತು ಬೆಚ್ಚಗಿನ ಗೋಂದಿನ ಹಾಗೆ ಎಳೆ ಬಿಡುತ್ತಿತ್ತು. ಇಬ್ಬರದೂ ಹುಟ್ಟು ಇಂಗ್ಲಿಷೇ. ಒಬ್ಬನದು ಇನ್ನೊಬ್ಬನಿಗೆ ಅರ್ಧಕ್ಕರ್ಧ ತಿಳಿಯುತ್ತಿರಲಿಲ್ಲ. ನಡುವೆ ನಿಂತ ಅಳಿಯಂದಿರಿಗೆ ಎರಡೂ ತಿಳಿಯುತ್ತಿರಲಿಲ್ಲ. ಅವರು ಎರಡೂ ಕಡೆ ತಿರುಗಿ “ಯಾ, ಯಾ” ಎನ್ನುತ್ತಿದ್ದರು.

ಎರಡನೆಯ ದಿನ ಉದ್ದಣ್ಣ ಕೇಬಲ್ಲು ತೋರಿಸಿ, ಅದು ಗಾರ್ಡಿನ ‘ಔಟ್‌ವಿತ್’ ಇರಬೇಕು ಎಂದ. ರೋಲರಿಗೆ ಕೈ ಸಿಕ್ಕದ ಹಾಗೆ ಹಾಕುವ ಕಬ್ಬಿಣದ ಜಾಲರಿಯೇ ಗಾರ್ಡು. ಅದರ ಹೊರಗಡೆ ಕೇಬಲ್ಲು ಹೋಗಲಿ ಎಂದು ಅವನ ಅರ್ಥ.

“ಗಾರ್ಡನ್ನೇ ಬಿಚ್ಚಿ ಆಚೆ ಹಾಕ್ಬೇಕಂತೆ” ಎಂದು ಅಳಿಯಂದಿರು ಫಿಟ್ಟರಿಗೆ ಹೇಳಿದರು. ಫಿಟ್ಟರು ಬಿಚ್ಚಿ ಹಾಕಿದ.

ಚಹಾ ಕುಡಿದು ಬಂದ ಉದ್ದಣ್ಣ ಗಾರ್ಡು ಕಾಣದೆ ಗಾಬರಿಯಾದ. ಏನು ಹಾಳು ಮಾಡಿದ್ದಾರೋ ಎಂದು ರೋಲರುಗಳ ಸಂದಿಗೆ ಕೈ ತೂರಿಸಿ ತಡವತೊಡಗಿದ. ಯಂತ್ರದ ಆಚೆ ಬದಿಯಲ್ಲಿದ್ದ ದಪ್ಪಣ್ಣನಿಗೆ ಅದು ಕಾಣುತ್ತಿರಲಿಲ್ಲ. ಅವನು ರಾಗವಾಗಿ ಕೂಗಿದ: “ಆಮ್ ಫಿಕ್ಸಿನ್ ಟು ಸ್ಟಾರ್ಟ್ ಹರ್ ಅಪ್!”

ಏನೋ ರಿಪೇರಿ ಮಾಡುತ್ತಿದ್ದಾನೆ ಎಂದುಕೊಂಡು ಉದ್ದಣ್ಣ “ಆಯ್” ಎಂದ. ಅವನ ಊರಿನಲ್ಲಿ ಹಾಗೆಂದರೆ ಹೂಂ. ಅಳಿಯಂದಿರು “ಯಾ” ಎಂದರು.

ಬೋಲ್ಟಿನ ಡಬ್ಬಿ ಹಿಡಿದು ಅದೇ ಹೊತ್ತಿಗೆ ಬಂದ ಸ್ಟೋರಮ್ಮನಿಗೆ ದಪ್ಪಣ್ಣನ ಕೂಗೂ ಕೇಳಿತು, ಸಂದಿಯಲ್ಲಿದ್ದ ಕೈಯೂ ಕಂಡಿತು. ಡಬ್ಬಿಯನ್ನು ನೆಲಕ್ಕೆ ಬಿಟ್ಟು, ಗಂಟಲು ಹರಿಯುವ ಹಾಗೆ ಒಂದೊಂದಕ್ಷರವನ್ನೂ ಬಿಡಿಸಿ ಕಿರುಚಿದಳು: “ಸ್ಟಾಪ್! ಹ್ಯಾಂಡ್! ಹಿಸ್ ಹ್ಯಾಂಡ್ ಇಸ್ ಇನ್‌ಸೈಡ್!”

ದಪ್ಪಣ್ಣನ ಬೆರಳು ಹಸಿರು ಗುಂಡಿಯ ಮೇಲೇ ನಿಂತಿತು. ಉದ್ದಣ್ಣ ಕೈ ಎಳೆದುಕೊಂಡು ಐದೂ ಬೆರಳನ್ನು ಒಂದೊಂದಾಗಿ ನೋಡಿಕೊಂಡ.

ಆಮೇಲೆ ಅವಳು ಚೆಲ್ಲಿದ ಬೋಲ್ಟುಗಳನ್ನು ಆಯುತ್ತ ನೆಲದ ಮೇಲೆ ಕೂತಳು. “ಫಿಕ್ಸಿಂಗ್ ಟು ಅಂದ್ರೆ ಇವ್ರ ಕಡೆ ರಿಪೇರಿ ಅಲ್ಲ, ಈಗ್ಲೇ ಮಾಡ್ತೀನಿ ಅಂತ” ಎಂದು ಫಿಟ್ಟರಿಗೆ ಹೇಳಿದಳು. “ಅಲ್ಲಿಂದ ಬೆಲ್ಟು ಕಳಿಸೋನು ದಿನಾ ‘ಫಿಕ್ಸಿಂಗ್ ಟು ಸೆಂಡ್’ ಅಂತಿದ್ದ. ಕೆಟ್ಟಿರೋ ಬೆಲ್ಟು ನಮಗೆ ಬೇಡ ಅಂತ ಅವನ ಹತ್ರ ಒಂದು ವಾರ ಜಗಳ ಆಡಿದ್ದೆ.”

ಸುದ್ದಿ ಯಜಮಾನರಿಗೆ ಮುಟ್ಟಿತು. “ಸಣ್ಣ ಕಮ್ಯುನಿಕೇಷನ್ ಗ್ಯಾಪ್ ಮಾವ” ಎಂದರು ಅಳಿಯಂದಿರು.

“ಆ ಗ್ಯಾಪಲ್ಲಿ ಒಬ್ಬರ ಕೈ ಇತ್ತು, ಅಳಿಯಂದಿರೇ.”

ಸಂಜೆಯೊಳಗೆ ಫೋನು ಸ್ಟೋರಮ್ಮನ ಮೇಜಿಗೆ ವಾಪಸು ಬಂತು. ಮರುದಿನದಿಂದ ಆರು ದಿನ ಅವಳು ಯಂತ್ರದ ಪಕ್ಕ ಕುರ್ಚಿ ಹಾಕಿಕೊಂಡು ಇಂಗ್ಲಿಷನ್ನು ಇಂಗ್ಲಿಷಿಗೆ ಅನುವಾದಿಸಿದಳು. ಉದ್ದಣ್ಣನ ಜಲ್ಲಿ ಈ ಕಡೆಯಿಂದ ಒಳಗೆ ಹೋಗಿ ಆ ಕಡೆ ಬಿಡಿಬಿಡಿಯಾಗಿ ಹೊರಬರುತ್ತಿತ್ತು. ನಾಲ್ಕನೆಯ ದಿನದ ಹೊತ್ತಿಗೆ ಆ ಇಬ್ಬರೂ ತಮ್ಮತಮ್ಮಲ್ಲಿ ಅವಳ ಇಂಗ್ಲಿಷಿನಲ್ಲೇ ಮಾತಾಡತೊಡಗಿದ್ದರು. “ಟೆಸ್ಟಿಂಗ್ ಆನ್ ವೆಡ್ನೆಸ್‌ಡೇ?” ಎಂದು ದಪ್ಪಣ್ಣ ‘ಡಿ’ ಒತ್ತಿ ಕೇಳಿದರೆ, “ವೆಡ್ನೆಸ್‌ಡೇ” ಎಂದು ಉದ್ದಣ್ಣ ಗಂಭೀರವಾಗಿ ತಲೆಯಾಡಿಸುತ್ತಿದ್ದ.

ಯಂತ್ರ ಓಡಿತು. ಹೊರಡುವ ದಿನ ಉದ್ದಣ್ಣ ಸಂದರ್ಶಕರ ಪುಸ್ತಕದಲ್ಲಿ ನಾಲ್ಕು ಸಾಲು ಬರೆದು ಹೋದ. ಅದನ್ನು ಹಿಡಿದುಕೊಂಡು ಅಳಿಯಂದಿರು ಉಗ್ರಾಣಕ್ಕೆ ಬಂದು, ಬಾಗಿಲು ಹಾಕಿಕೊಂಡರು.

“ನಿಮ್ಮದೇ ಇಲ್ಲಿ ಅತಿ ಸ್ಪಷ್ಟವಾದ ಇಂಗ್ಲಿಷ್ ಅಂತೆ. ಇರ್ಲಿ, ಸಂತೋಷ. ನನ್ನ ಬಗ್ಗೆನೂ ಬರ್ದಿದಾನೆ. ಮ್ಯಾನೇಜರ್ ಸ್ವಲ್ಪ ‘ಗ್ಲೇಕಿಟ್’, ಆದ್ರೆ ಒಳ್ಳೆ ಮನುಷ್ಯ ಅಂತ. ಏನದು?”

ಸ್ಟೋರಮ್ಮನಿಗೆ ಆ ಪದ ಗೊತ್ತಿತ್ತು. ಸ್ಕಾಟ್ಲೆಂಡಿನ ಪಂಪು ವ್ಯಾಪಾರಿಯೊಬ್ಬ, ಮೂರು ಸಲ ತಪ್ಪು ವಿಳಾಸಕ್ಕೆ ಮಾಲು ಕಳಿಸಿದ ತನ್ನ ಭಾವಮೈದುನನನ್ನು ಹಾಗೆಯೇ ಬೈಯುತ್ತಿದ್ದ. ಪೆದ್ದು ಎಂದರೆ ಹತ್ತಿರ ಬರುತ್ತದೆ. ಎದುರಿಗೆ ಅಳಿಯಂದಿರ ಮುಖ ಪರೀಕ್ಷೆಯ ಫಲಿತಾಂಶ ಕಾಯುವವರ ಮುಖದ ಹಾಗಿತ್ತು. ಅವಳಿಗೆ ಅಯ್ಯೋ ಅನ್ನಿಸಿತು.

“ಅದು ಸಾರ್... ಯಾವುದನ್ನೂ ತಲೆಗೆ ಹಚ್ಕೊಳ್ಳದೇ ಇರೋವ್ರು ಅಂತ.”

“ಓ! ಕೂಲ್ ಅಂತ!”

“ನೀವು ಹಾಗೇ ಅಂದ್ಕೊಳ್ಳಿ ಸಾರ್.”

ಆ ಪುಟಕ್ಕೆ ಗಾಜಿನ ಚೌಕಟ್ಟು ಕಟ್ಟಿಸಿ ಅಳಿಯಂದಿರು ತಮ್ಮ ಕೋಣೆಯ ಗೋಡೆಗೆ ಹಾಕಿಸಿದರು. ಹೊರದೇಶದವರು ಯಾರೇ ಬರಲಿ, ಕೈ ಕುಲುಕಿ, “ಐ ಆಮ್ ಎ ವೆರಿ ಗ್ಲೇಕಿಟ್ ಮ್ಯಾನೇಜರ್” ಎಂದು ಮೊದಲೇ ಹೇಳಿಬಿಡುತ್ತಾರೆ. ಆ ಒಂದು ಪದದ ಉಚ್ಚಾರಣೆಗೆ ಮಾತ್ರ ಯಾರೂ ಹೆಸರಿಡುವ ಹಾಗಿಲ್ಲ. ಎರಡು ಮಧ್ಯಾಹ್ನ ಕೂತು ಸ್ಟೋರಮ್ಮನ ಹತ್ತಿರ ಹೇಳಿಸಿಕೊಂಡು ಕಲಿತದ್ದು ಅದು.